ಮೇಷ್ಟ್ರ ಖಾತೆಯಲ್ಲಿ ಇನ್ನೊಂದು ಕೈ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಮೇಷ್ಟ್ರೊಬ್ಬರು ಠಾಣೆಗೆ ಬಂದು, ತಮ್ಮ ಖಾತೆಗೆ ಕಳ್ಳ ನುಗ್ಗಿದ್ದಾನೆಂದು ದೂರು ಹೇಳಿದರು. ಬ್ಯಾಂಕಿನ ಖಾತೆ ಎಂದುಕೊಂಡ ಕಾನ್‌ಸ್ಟೇಬಲ್, "ಎಷ್ಟು ಹೋಯ್ತು ಸರ್?" ಎಂದ.

"ಏನೂ ಹೋಗಿಲ್ಲ. ಬಂದು ಸೇರಿದೆ," ಎಂದರು ಮೇಷ್ಟ್ರು.

ಆ ಮಾತಿಗೆ ಒಳಕೋಣೆಯಲ್ಲಿದ್ದ ಇನ್‌ಸ್ಪೆಕ್ಟರ್ ತಲೆಯೆತ್ತಿದಳು. ಕರೆದು ಕೂರಿಸಿ, ನೀರು ಕೊಡಿಸಿ, ಮೊದಲಿಂದ ಹೇಳಿ ಎಂದಳು.

ವಿಶ್ವವಿದ್ಯಾಲಯ ತನ್ನ ಎಲ್ಲ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದೊಂದು ಇಮೇಲ್ ಮತ್ತು ಫೈಲು ಇಟ್ಟುಕೊಳ್ಳಲು ಜಾಗ ಕೊಟ್ಟಿತ್ತು. ಪಾಠ, ಅಂಕಪಟ್ಟಿ, ಪತ್ರ ಎಲ್ಲವೂ ಅಲ್ಲೇ. ಎಲ್ಲಿ ಕೂತು ಬೇಕಾದರೂ ತೆರೆಯಬಹುದು. ಮೇಷ್ಟ್ರ ಆ ಖಾತೆಯಿಂದ ಅವರು ಬರೆಯದ ಪತ್ರಗಳು ಹೋಗಿದ್ದವು. ಅವರ ಪಾಠಗಳಲ್ಲಿ ಅವರದಲ್ಲದ ಸಾಲುಗಳು ಕಾಣಿಸಿಕೊಂಡಿದ್ದವು.

"ನನ್ನ ಹೆಸರಲ್ಲಿ ಒಬ್ಬ ವಿದ್ಯಾರ್ಥಿನಿಗೆ ಕ್ಷಮೆ ಕೇಳಿದ್ದಾನೆ ಮೇಡಂ! ಮೂವತ್ತು ವರ್ಷದ ನೌಕರಿಯಲ್ಲಿ ನಾನು ಯಾರ ಹತ್ರಾನೂ ಕ್ಷಮೆ ಕೇಳಿದವನಲ್ಲ."

"ಯಾರ ಮೇಲಾದ್ರೂ ಅನುಮಾನ?"

"ಅನುಮಾನ ಅಲ್ಲ, ಖಾತ್ರಿ. ನನ್ನ ಎದುರು ಕೋಣೆಯವನು. ಗೂಬೆ."

ಗೂಬೆ ಎಂದರೆ ಅದೇ ವಿಭಾಗದ ಇನ್ನೊಬ್ಬ ಅಧ್ಯಾಪಕ. ದಪ್ಪ ಕನ್ನಡಕ, ಅಲುಗಾಡದ ಕತ್ತು. ಹುಡುಗರಾಗಿದ್ದಾಗಿನಿಂದ ಇಬ್ಬರೂ ಒಂದೇ ಬೆಂಚು, ಒಂದೇ ಹಾಸ್ಟೆಲು. ಆರು ವರ್ಷದ ಹಿಂದೆ ಇಬ್ಬರೂ ಸೇರಿ ಬರೆದ ಪಠ್ಯಪುಸ್ತಕದ ಮೇಲೆ ಯಾರ ಹೆಸರು ಮೊದಲು ಬರಬೇಕೆಂದು ಶುರುವಾದ ಮಾತು ಕೈ ಕೈ ಮಿಲಾಯಿಸುವ ತನಕ ಹೋಗಿ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬಾಗಿಲು ಎದುರುಬದುರು, ಮುಖ ಆ ಕಡೆ ಈ ಕಡೆ.

"ನಿಮ್ಮ ಪಾಸ್‌ವರ್ಡ್ ಅವರಿಗೆ ಹೇಗೆ ಗೊತ್ತಾಗುತ್ತೆ?"

ಮೇಷ್ಟ್ರು ಸ್ವಲ್ಪ ತಡವರಿಸಿದರು. "ಖಾತೆ ಮಾಡಿಕೊಟ್ಟವನೇ ಅವನು. ಆಗ ಮಾತಾಡ್ತಿದ್ವಿ. 'ಗೂಬೆ' ಅಂತ ಬರೆದು, ಮುಂದೆ ಅವನು ಹುಟ್ಟಿದ ವರ್ಷ."

"ಜಗಳ ಆದ್ಮೇಲೆ ಬದಲಾಯಿಸಲಿಲ್ವಾ?"

"ಯಾಕೆ ಬದಲಾಯಿಸ್ಲಿ? ಈಗಲೂ ಅವನು ಗೂಬೆನೇ ತಾನೆ?"

ಇನ್‌ಸ್ಪೆಕ್ಟರ್ ನಗು ನುಂಗಿಕೊಂಡು ಎಫ್‌ಐಆರ್ ದಾಖಲಿಸಿದಳು.

ಮಧ್ಯಾಹ್ನ ಅವಳೂ ಕಾನ್‌ಸ್ಟೇಬಲ್ಲೂ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಹೋದರು. ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ 'ಅವಸರ' ಎಂದೇ ಹೆಸರು. ಹುಟ್ಟಿದಾಗಿನಿಂದ ಒಂದು ಸಲವೂ ಅವಸರ ಮಾಡಿದವನಲ್ಲ, ಅದಕ್ಕೆ. ಕಾಗದ ತೊಡೆಯ ಮೇಲಿಟ್ಟುಕೊಂಡು, "ಪಂಚನಾಮೆಗೆ ಸ್ಥಳ ಯಾವುದು ಅಂತ ಬರೀಲಿ?" ಎಂದು ಕೇಳಿದ.

"ಫೈಲು ಈ ಕಟ್ಟಡದಲ್ಲಿಲ್ಲ, ಕ್ಲೌಡಿನಲ್ಲಿದೆ," ಎಂದಳು ಅಲ್ಲಿನ ಮುಖ್ಯಸ್ಥೆ.

"ಅದಕ್ಕೆ ಬಾಗಿಲು, ಕಿಟಕಿ, ಸುತ್ತಳತೆ ಏನಾದ್ರೂ?"

"ಅವಸರ," ಎಂದಳು ಇನ್‌ಸ್ಪೆಕ್ಟರ್, "ಕಳ್ಳ ಕೂತ ಕುರ್ಚಿ ಸಿಕ್ಕಲಿ, ಅದನ್ನೇ ಬರೆಯೋಣ."

ಕುರ್ಚಿ ಬೇಗ ಸಿಕ್ಕಿತು. ಮೇಷ್ಟ್ರ ಖಾತೆ ಅವರ ಕೋಣೆಯಿಂದ, ಮನೆಯಿಂದ, ಅಲ್ಲದೆ ಉಪಕರಣಗಳ ಕೋಣೆಯ ಹಳೆಯ ಕಂಪ್ಯೂಟರಿನಿಂದಲೂ ತೆರೆದುಕೊಂಡಿತ್ತು. ಅದೂ ಹೆಚ್ಚಾಗಿ ಊಟದ ಹೊತ್ತಿನಲ್ಲಿ, ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ. ಒಂದೂವರೆ ವರ್ಷದಿಂದ ಹೀಗೇ.

"ತಿದ್ದಿದ ಫೈಲುಗಳು ಮೊದಲು ಹೇಗಿದ್ವು ಅಂತ ಗೊತ್ತಾಗುತ್ತಾ?"

"ಗೊತ್ತಾಗುತ್ತೆ. ತಿದ್ದಿದ್ರೂ ಹಳೇದು ಅಳಿಯಲ್ಲ. ಒಂದೊಂದು ಸಲದ ರೂಪಾನೂ ಹಾಗೇ ಉಳಿದಿರುತ್ತೆ. ನಾಳೆ ತೆಗೆದುಕೊಡ್ತೀನಿ."

ಸಂಜೆ ಮೇಷ್ಟ್ರ ಹೆಂಡತಿಯ ಹೇಳಿಕೆ ಪಡೆಯಲು ಇನ್‌ಸ್ಪೆಕ್ಟರ್ ಒಬ್ಬಳೇ ಅವರ ಮನೆಗೆ ಹೋದಳು. ಹಿತವಾದ ಮನೆ. ಬಿಸಿಲು ಬೀಳುವ ಜಗುಲಿ, ಪುಸ್ತಕದ ಗುಡ್ಡೆಯ ಮೇಲೆ ಮಲಗಿದ ಬೆಕ್ಕು. ಮೇಷ್ಟ್ರು ತಾವೇ ಚಹಾ ತಂದುಕೊಟ್ಟು, ಗೂಬೆ ಕಾಲೇಜಿನಲ್ಲಿ ಮೀಸೆ ಸುಟ್ಟುಕೊಂಡ ಕತೆ ಹೇಳಿ ನಗಿಸಿದರು. ಅವಳು ಕುಡಿದು ಕಪ್ಪು ಕೆಳಗಿಟ್ಟಾಗ, "ಅಯ್ಯೋ, ನಿಮಗೆ ಚಹಾನೇ ಕೊಟ್ಟಿಲ್ಲವಲ್ಲ," ಎಂದು ಎದ್ದು ಒಳಗೆ ಹೋದರು.

ಹೆಂಡತಿ ನೆಲ ನೋಡುತ್ತಾ ಕೂತಳು. ಇನ್‌ಸ್ಪೆಕ್ಟರ್ ಹೊರಟಾಗ ಗೇಟಿನವರೆಗೆ ಬಂದು ಮೆಲ್ಲಗೆ ಹೇಳಿದಳು: "ಈಗೀಗ ಸ್ವಲ್ಪ ಮರೆವು. ಡಾಕ್ಟರಿಗೆ ತೋರಿಸೋಣ ಅಂದ್ರೆ, ಕೆಲಸದಲ್ಲಿ ಒಂದು ತಪ್ಪಾದ್ರೂ ಆಗಿದ್ಯಾ, ಯಾರಾದ್ರೂ ಒಂದು ಮಾತು ಅಂದಿದ್ದಾರಾ ಅಂತ ಕೇಳ್ತಾರೆ. ನಿಜ, ಯಾರೂ ಏನೂ ಅಂದಿಲ್ಲ. ಅದಕ್ಕೇ ನಾನೂ ಸುಮ್ಮನಾದೆ."

ಮಂಗಳವಾರ ಬೆಳಿಗ್ಗೆ ಹಳೆಯ ರೂಪ, ಹೊಸ ರೂಪ ಎರಡೂ ಇನ್‌ಸ್ಪೆಕ್ಟರ್ ಮೇಜಿಗೆ ಬಂದವು. ಪರೀಕ್ಷೆ ಬರೆದ ಹುಡುಗಿಗೆ ಮೇಷ್ಟ್ರು ಗೈರುಹಾಜರಿ ಹಾಕಿದ್ದರು. ಇನ್ನೊಂದು ಕೈ ಅದನ್ನು ಸರಿಪಡಿಸಿ, ಅವಳ ಕ್ಷಮೆ ಕೇಳಿತ್ತು. ಒಂದೇ ಪಾಠ ಎರಡೆರಡು ಸಲ ಬರೆದಿದ್ದ ಕಡೆ ಒಂದನ್ನು ತೆಗೆದಿತ್ತು. ಇನ್‌ಸ್ಪೆಕ್ಟರ್ ಪುಟ ತಿರುಗಿಸುತ್ತಾ ಒಂದು ಕಡೆ ನಿಂತುಬಿಟ್ಟಳು. ಮೊದಲ ವರ್ಷದ ಮಕ್ಕಳಿಗೆ ಪ್ರಯೋಗಾಲಯದ ಸೂಚನೆ. ಮೇಷ್ಟ್ರು ಬರೆದದ್ದು: ಗಂಧಕಾಮ್ಲಕ್ಕೆ ನೀರನ್ನು ಸುರಿಯಿರಿ.

ಅವಳೂ ವಿಜ್ಞಾನ ಓದಿದವಳು. ಗಂಧಕಾಮ್ಲವನ್ನು ನೀರಿಗೆ ಹನಿಹನಿಯಾಗಿ ಹಾಕಬೇಕು. ನೀರನ್ನೇ ಅದಕ್ಕೆ ಸುರಿದರೆ ಕುದ್ದು ಮುಖಕ್ಕೆ ಸಿಡಿಯುತ್ತದೆ. ಪ್ರಯೋಗದ ತರಗತಿಗೆ ಒಂದು ಗಂಟೆ ಮುಂಚೆ ಆ ಸಾಲು ತಿರುಗಿ ಸರಿಯಾಗಿತ್ತು.

"ಅವಸರ," ಎಂದಳು, "ಈ ಕಳ್ಳ ಒಂದು ತಪ್ಪನ್ನೂ ಹಾಕಿಲ್ಲ ಕಣಪ್ಪ. ಎಲ್ಲಾ ತೆಗೆದಿದ್ದಾನೆ."

ಬುಧವಾರ ಮಧ್ಯಾಹ್ನ ಉಪಕರಣಗಳ ಕೋಣೆಯ ಬೀರುವಿನ ಹಿಂದೆ ಇಬ್ಬರೂ ಕಾದು ನಿಂತರು. ಒಂದು ಗಂಟೆ ಹತ್ತು ನಿಮಿಷಕ್ಕೆ ದಪ್ಪ ಕನ್ನಡಕದ ಅಧ್ಯಾಪಕ ಬುತ್ತಿ ಹಿಡಿದು ಬಂದ. ಬಾಗಿಲು ಮುಂದೆ ಮಾಡಿ, ಕಂಪ್ಯೂಟರ್ ಹಚ್ಚಿ, ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಮೌಸು. ಪರದೆಯ ಮೇಲೆ ಮೇಷ್ಟ್ರ ಹೆಸರು ಬಂತು. ಅವನು ಓದುತ್ತಾ, "ಥೂ, ಏನೋ ಇದು ಮಾರಾಯ, ಅಣುತೂಕಾನೇ ತಪ್ಪು ಬರ್ದಿದ್ದೀಯಲ್ಲೋ," ಎಂದು ಪರದೆಯನ್ನೇ ಗದರಿದ. ಮಗುವಿನ ಬಾಯಿ ಒರೆಸುವವರ ದನಿ ಅದು.

ಇನ್‌ಸ್ಪೆಕ್ಟರ್ ಹೊರಗೆ ಬಂದಳು. ಅವನು ಬೆಚ್ಚಿಬೀಳಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿ ತೆರೆದು, "ಇದೊಂದು ಸಾಲು ತಿದ್ದಿಬಿಡ್ತೀನಿ ಮೇಡಂ. ಎರಡು ಗಂಟೆಗೆ ಮಕ್ಕಳು ನೋಡ್ತಾರೆ," ಎಂದ.

ಅವಳು ಅದಕ್ಕೆ ಅವಕಾಶ ಕೊಡುವಂತಿರಲಿಲ್ಲ. ತಪ್ಪು ಅಣುತೂಕವನ್ನು ಕಂಪ್ಯೂಟರ್ ವಿಭಾಗಕ್ಕೆ ಫೋನು ಮಾಡಿ ತಿಳಿಸಿ, ಆ ಪಾಠವನ್ನು ತಡೆಹಿಡಿಸಿದಳು. ಪಂಚರ ಮುಂದೆ ಪಂಚನಾಮೆ ಆಯಿತು. ಅವಸರ ಕುರ್ಚಿ, ಮೇಜು, ಬುತ್ತಿ ಎಲ್ಲ ಬರೆದುಕೊಂಡ.

ಠಾಣೆಯಲ್ಲಿ ಪ್ರಶ್ನೆಗಳು ಚಿಕ್ಕವು, ಉತ್ತರಗಳು ಇನ್ನೂ ಚಿಕ್ಕವು.

"ಯಾಕೆ ಮಾಡಿದ್ರಿ?"

"ಹೊಟ್ಟೆಕಿಚ್ಚು."

"ಯಾವುದಕ್ಕೆ?"

"ಪುಸ್ತಕದಲ್ಲಿ ಅವನ ಹೆಸರು ಮೊದಲು ಬಂತು. ಅದಕ್ಕೆ. ಬರ್ಕೊಳ್ಳಿ, ಸಹಿ ಹಾಕ್ತೀನಿ."

"ಹೊಟ್ಟೆಕಿಚ್ಚಿನವನು ತಪ್ಪು ತಿದ್ದಲ್ಲ ಸರ್. ಮಾಡ್ಲಿ ಅಂತ ಬಿಡ್ತಾನೆ." ಗಂಧಕಾಮ್ಲದ ಪುಟವನ್ನು ಅವನ ಮುಂದೆ ಸರಿಸಿದಳು.

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಒರೆಸುತ್ತಲೇ ಇದ್ದ. "ಈ ವಿಷಯ ಹೊರಗೆ ಬಿಡಬೇಡಿ ಮೇಡಂ. ಅವನಿಗೆ ಪಾಠ ಮಾಡೋದು ಬಿಟ್ರೆ ಬೇರೆ ಜೀವ ಇಲ್ಲ. ನಾನು ಕೆಟ್ಟವನು ಅಂತಲೇ ಇರಲಿ. ಹೇಗೂ ಎಲ್ಲರೂ ಅದನ್ನೇ ಅಂದ್ಕೊಂಡಿದ್ದಾರೆ, ಖರ್ಚೇನಿಲ್ಲ."

"ನಿಮಗೆ ಹೇಗೆ ಗೊತ್ತಾಯ್ತು?"

"ಎದುರು ಬಾಗಿಲು. ಕೈಯಲ್ಲಿ ಕೀಲಿ ಹಿಡ್ಕೊಂಡೇ ಕೀಲಿ ಹುಡುಕ್ತಿದ್ದ. ಮೊದಲು ನನಗೆ ಖುಷಿ ಆಯ್ತು, ಸುಳ್ಳು ಹೇಳಲ್ಲ. ಮೂರನೇ ದಿನವೂ ಹುಡುಕ್ದ. ಆಮೇಲೆ ಊಟ ಇಳೀಲಿಲ್ಲ."

"ನೀವು ರಜೆ ಹಾಕಿದ ದಿನ?"

"ಹಾಕಿಲ್ಲ. ಒಂದೂವರೆ ವರ್ಷ ಆಯ್ತು. ಜ್ವರ ಬಂದಾಗಲೂ ಮಫ್ಲರ್ ಸುತ್ಕೊಂಡು ಬಂದೆ."

ಇನ್‌ಸ್ಪೆಕ್ಟರ್ ಪುಟವನ್ನು ವಾಪಸು ಎಳೆದುಕೊಂಡಳು. ಹೇಳಬೇಕಾದ್ದನ್ನು ಹೇಳಿದಳು. "ನೀವು ಒಂದೊಂದೂ ತಿದ್ದಿಟ್ಟಿದ್ದಕ್ಕೆ ಮನೆಯವರಿಗೆ ಕಾಯಿಲೆಯ ಅಂದಾಜೇ ಸಿಗಲಿಲ್ಲ. ಡಾಕ್ಟರ ಹತ್ರ ಹೋಗಲೇ ಇಲ್ಲ ಅವರು. ಅದು ಗೊತ್ತಾ?"

ಅವನ ಕೈಯ ಕನ್ನಡಕ ಮೇಜಿನ ಮೇಲೆ ಬಿತ್ತು. ಇಷ್ಟು ದಿನ ಅದೊಂದು ಅವನ ತಲೆಗೆ ಹೊಳೆದಿರಲಿಲ್ಲ.

ಸಂಜೆ ಐದಕ್ಕೆ ಬಂಧನದ ಕಾಗದ ಸಿದ್ಧವಾಯಿತು. ಸುದ್ದಿ ಕೇಳಿ ಮೇಷ್ಟ್ರು ಹೆಂಡತಿಯ ಜೊತೆ ಧಾವಿಸಿ ಬಂದರು. ಮುಖ ಗೆಲುವಿನಿಂದ ಕೆಂಪಾಗಿತ್ತು. "ನಾನು ಹೇಳ್ಲಿಲ್ವಾ! ಎಲ್ಲಿ, ತೋರ್ಸಿ ಅವನನ್ನ."

ತೋರಿಸುವುದೋ ಬೇಡವೋ ಎಂದು ಇನ್‌ಸ್ಪೆಕ್ಟರ್ ಮೇಷ್ಟ್ರ ಹೆಂಡತಿಯ ಕಡೆ ನೋಡಿದಳು. ಆಕೆ ಹೂಂ ಎಂದು ತಲೆಯಾಡಿಸಿದಳು. ಇಬ್ಬರು ಗೆಳೆಯರೂ ಒಂದೇ ಮೇಜಿನ ಎದುರುಬದುರು ಕೂತರು. ಆರು ವರ್ಷದಲ್ಲಿ ಇಷ್ಟು ಹತ್ತಿರ ಇದೇ ಮೊದಲು.

"ನನ್ನ ಪಾಠ ಹಾಳು ಮಾಡಿದೆಯಲ್ಲೋ," ಎಂದರು ಮೇಷ್ಟ್ರು.

ಇನ್‌ಸ್ಪೆಕ್ಟರ್ ಎರಡೂ ಪುಟ ಮೇಷ್ಟ್ರ ಮುಂದಿಟ್ಟಳು. "ಇದು ನೀವು ಬರೆದದ್ದು. ಇದು ಅವರು ತಿದ್ದಿದ್ದು."

ಮೇಷ್ಟ್ರು ಓದಿದರು. ಮತ್ತೆ ಓದಿದರು. ಮೂವತ್ತು ವರ್ಷ ಅದೇ ಪಾಠ ಮಾಡಿದವರು. ಬೆರಳು ಆ ಒಂದು ಸಾಲಿನ ಕೆಳಗೆ ನಿಂತಿತು.

"ಮಕ್ಕಳಿಗೆ ಹೋಗಿತ್ತಾ ಇದು?"

"ಇಲ್ಲ," ಎಂದ ಎದುರಿನವನು. "ಹೋಗೋಕೆ ಬಿಡ್ಲಿಲ್ಲ."

ಮೇಷ್ಟ್ರು ಕಾಗದವನ್ನು ನಿಧಾನವಾಗಿ ಮಡಿಚಿದರು. ಚಹಾ, ಕೀಲಿ, ಹೆಂಡತಿಯ ಇಳಿಬಿದ್ದ ಕಣ್ಣು, ಎಲ್ಲವೂ ಒಟ್ಟಿಗೆ ಅರ್ಥವಾದವರ ಹಾಗೆ ತಲೆಯೆತ್ತಿ ಎದುರಿನವನನ್ನು ನೋಡಿದರು.

"ಎಷ್ಟು ದಿನದಿಂದ ಗೊತ್ತು ನಿನಗೆ?"

"ಒಂದೂವರೆ ವರ್ಷ."

"ನನಗೊಂದು ಮಾತು ಹೇಳಬಾರದಿತ್ತೇನೋ?"

"ಮಾತಾಡ್ತಿರಲಿಲ್ಲವಲ್ಲೋ ನಾವು."

ಮೇಷ್ಟ್ರಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟಳು.

ದೂರು ದೂರೇ. ಬೇರೆಯವರ ಖಾತೆ ತೆರೆದದ್ದು ಅಪರಾಧವೇ. ಎಫ್‌ಐಆರ್ ನ್ಯಾಯಾಲಯಕ್ಕೆ ಹೋಗಿಯಾಗಿತ್ತು. ರಾಜಿಯಾಗುವುದಾದರೆ ಅಲ್ಲೇ ಆಗಬೇಕು. ಬಂಧನದ ಕಾಗದಕ್ಕೆ ಆರೋಪಿ ಸಹಿ ಹಾಕಿದ. ಜಾಮೀನಿಗೆ ಯಾರಿದ್ದಾರೆ ಎಂದು ಅವಸರ ಕೇಳಿದಾಗ ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು.

"ಸರ್, ದೂರು ಕೊಟ್ಟವರು ನೀವೇ!"

"ಹೌದಪ್ಪ. ಹಾಗಂತ ಇವನನ್ನ ಇಲ್ಲೇ ಬಿಟ್ಟು ಹೋಗ್ಲಾ?"

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ತನಿಖೆಯ ಕೊನೆಯ ಟಿಪ್ಪಣಿ ಬರೆಯಲು ಕೂತಳು. ಆರೋಪಿಗೆ ಲಾಭದ ಉದ್ದೇಶ ಇದ್ದದ್ದು ಕಂಡುಬಂದಿಲ್ಲ. ಫಿರ್ಯಾದುದಾರರ ಮರೆವು ಯಾರ ಕಣ್ಣಿಗೂ ಬೀಳಬಾರದೆಂದು ಕೃತ್ಯ ಎಸಗಿರುತ್ತಾರೆ. ಬರೆದದ್ದನ್ನು ಒಂದು ಸಲ ಓದಿಕೊಂಡಳು. 'ಫಿರ್ಯಾದುದಾರರ' ಎಂಬುದನ್ನು ಹೊಡೆದು, ಅದರ ಮೇಲೆ ಸಣ್ಣಗೆ, 'ಗೆಳೆಯನ' ಎಂದು ಬರೆದು ಸಹಿ ಹಾಕಿದಳು.