ಉದ್ದಣ್ಣನ ನೀಲಿ ಕೋಟು

"ತಪ್ಪು ಒಪ್ಪಿಕೋ ಅನ್ನೋ ವಕೀಲರು ನನಗೆ ಬೇಡಮ್ಮ. ಅಂಥವರು ಕೇಳಿದಷ್ಟು ಸಿಗ್ತಾರೆ. ನನ್ನ ಗಂಡ ಮಾಡಿಲ್ಲ ಅಂತ ಎದ್ದು ನಿಂತು ಹೇಳೋರು ಬೇಕು."

ಕುರ್ಚಿ ಎಳೆದು ಕೂರುವ ಮೊದಲೇ ಆ ಹೆಂಗಸು ವಕೀಲಮ್ಮನಿಗೆ ಇಷ್ಟು ಹೇಳಿ ಮುಗಿಸಿದ್ದಳು. ಮೂಲೆಯ ಮೇಜಿನಲ್ಲಿ ಕಾಗದ ಹೊಂದಿಸುತ್ತಿದ್ದ ಗುಮಾಸ್ತರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡರು. ಅವಳು ಯಾರೆಂದು ಅವರಿಗೆ ಗೊತ್ತಿತ್ತು. ಪಂಪು ಕಾರ್ಖಾನೆಯ ಲೇತ್ ಕೆಲಸಗಾರ ಉದ್ದಣ್ಣನ ಹೆಂಡತಿ. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಆಳು, ಅದಕ್ಕೇ ಆ ಹೆಸರು. ಕಾರ್ಖಾನೆಯ ಕಾವಲುಗಾರನ ತಲೆ ಒಡೆದ ಅಂತ ಅವನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು.

ಗುಮಾಸ್ತರು ಹುಟ್ಟಾ ಹೆದರುಪುಕ್ಕಲರೇನಲ್ಲ. ಆದರೆ ಪೊಲೀಸರ ಹಗೆಯೂ ಬೇಡ, ಗೆಳೆತನವೂ ಬೇಡ ಎಂಬ ಹಳೇ ತತ್ವದ ಮನುಷ್ಯ. ವಕೀಲಮ್ಮ ಅವರ ಅಕ್ಕನ ಮಗಳು. ಇಂಥ ಕೇಸುಗಳನ್ನೇ ಹುಡುಕಿ ಹುಡುಕಿ ಮೈಮೇಲೆ ಎಳೆದುಕೊಳ್ಳುವುದು ಅವಳ ಜಾಯಮಾನ. ಬೇಡ ಅಂದರೆ ಇನ್ನೂ ಜೋರಾಗಿ ಎಳೆದುಕೊಳ್ಳುತ್ತಿದ್ದಳು. ಹಾಗಾಗಿ ಈಗೀಗ ಅವರು ಬೇಡ ಅನ್ನುವುದನ್ನೂ ಬಿಟ್ಟು, ಬರೀ ಕೆಮ್ಮುತ್ತಿದ್ದರು. ಅವತ್ತೂ ಕೆಮ್ಮಿದರು.

"ಮಾವ, ನೀರು ಕುಡೀರಿ," ಅಂದಳು ವಕೀಲಮ್ಮ, ಅವರತ್ತ ತಿರುಗದೆ. "ನೀವು ಹೇಳಮ್ಮ."

ಹೆಂಗಸು ಹೇಳಿದಳು. ಕೆಲಸ ಬೇಗ ಸಾಗಲಿ ಅಂತ ಲೇತುಗಳ ಗಾರ್ಡುಗಳನ್ನು, ಅಂದರೆ ತಿರುಗುವ ಭಾಗಕ್ಕೆ ಅಡ್ಡವಾಗಿ ಹಾಕುವ ತಗಡಿನ ಕವಚಗಳನ್ನು, ಮ್ಯಾನೇಜರು ಬಿಚ್ಚಿಸಿ ಸ್ಟೋರಿಗೆ ಹಾಕಿಸಿದ್ದರು. ಆಮೇಲೆ ಒಬ್ಬ ಕೆಲಸಗಾರನ ಬೆರಳುಗಳು ಹೋದವು. ಈಗ ಮ್ಯಾನೇಜರು, ಆ ಯಂತ್ರಗಳು ಬಂದಾಗಿನಿಂದ ಗಾರ್ಡೇ ಇರಲಿಲ್ಲ ಅನ್ನುತ್ತಿದ್ದರು. ತನಿಖೆಗೆ ಸರ್ಕಾರದ ಅಧಿಕಾರಿಗಳು ಬರುವವರಿದ್ದರು. ಅದರ ಹಿಂದಿನ ದಿನ ಊಟದ ಬಿಡುವಿನಲ್ಲಿ ಉದ್ದಣ್ಣ ಗೇಟಿನ ಹೊರಗೆ ಸಭೆ ಸೇರಿಸಿ ಗಂಟಲು ಹರಿಯುವ ಹಾಗೆ ಮಾತಾಡಿದ್ದ. ಮಧ್ಯೆ ಗಂಟಲು ಒಣಗಿ, ನೀರು ಕುಡಿಯಲು ಒಬ್ಬನೇ ಒಳಗಿನ ನಲ್ಲಿಗೆ ಹೋಗಿ ಬಂದ. ಅದೇ ಅವನ ಕುತ್ತಿಗೆಗೆ ಬಂತು. ಬಿಡುವು ಮುಗಿದಾಗ ಕಾವಲುಗಾರ ಸ್ಟೋರಿನಲ್ಲಿ ರಕ್ತದ ಮಡುವಿನಲ್ಲಿ ಬಿದ್ದಿದ್ದ. ಪಕ್ಕದಲ್ಲಿ ಕಬ್ಬಿಣದ ಸರಳು, ಉದ್ದಣ್ಣನ ನೀಲಿ ಕೋಟು. ಕಾವಲುಗಾರನಿಗೆ ಆಸ್ಪತ್ರೆಯಲ್ಲಿ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಕೋಟು ನಿಮ್ಮ ಗಂಡಂದೇನಾ?" ವಕೀಲಮ್ಮ ಕೇಳಿದಳು.

"ಅವರದ್ದೇ. ವಾರ ವಾರ ಒಗೆದು, ತೋಳು ಹೊಲಿದು ಕೊಡೋಳು ನಾನು. ನನಗೆ ಗೊತ್ತಾಗಲ್ವಾ? ಆದರೆ ಊಟಕ್ಕೆ ಹೋಗುವಾಗ ಎಲ್ಲರೂ ಕೋಟನ್ನ ಯಂತ್ರದ ಪಕ್ಕದ ಮೊಳೆಗೆ ಹಾಕಿ ಹೋಗ್ತಾರೆ. ಇವರ ಮೊಳೆ ಸ್ಟೋರಿನ ಬಾಗಿಲಿಗೇ ಅಂಟಿಕೊಂಡಿದೆ. ಯಾರು ಬೇಕಾದ್ರೂ ತಗೋಬಹುದಿತ್ತು."

ಮ್ಯಾನೇಜರೇ ಕರುಣೆ ತೋರಿಸಿ ದೂರದ ದೊಡ್ಡ ಊರಿನ ವಕೀಲರೊಬ್ಬರನ್ನು ಗೊತ್ತು ಮಾಡಿಕೊಟ್ಟಿದ್ದರಂತೆ. ಆ ದೊಡ್ಡ ಮನುಷ್ಯರು ಒಮ್ಮೆಯೂ ಇಲ್ಲಿಗೆ ಬರದೆ, ಫೋನಿನಲ್ಲೇ, ಒಪ್ಪಿಕೊಂಡರೆ ಶಿಕ್ಷೆ ಕಡಿಮೆಯಾಗುತ್ತೆ ಅಂದಿದ್ದರು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು, ಸುಮ್ಮನೆ ಒಪ್ಪಿಕೊಳ್ಳಲಿ ಅಂತ ಮೈದುನನೂ ಅಂದ.

"ದೊಣ್ಣೆ ಬೀಸೋನೇ ಕೊಟ್ಟ ವಕೀಲ ಅಲ್ವಾ ಅವನು?" ಅಂದಳು ಹೆಂಗಸು. "ಅವರು ಜೈಲಿಗೆ ಹೋದ್ರೆ ನಾನು ದುಡಿದು ಮಕ್ಕಳನ್ನ ಸಾಕ್ತೀನಿ. ಆದ್ರೆ ನಿಮ್ಮಪ್ಪ ತಲೆ ಒಡೆದವನು ಅಂತ ಮಕ್ಕಳಿಗೆ ಹೇಳಲ್ಲ. ಸತ್ತರೂ ಹೇಳಲ್ಲ."

ಗುಮಾಸ್ತರು ಎದ್ದರು. ಈ ಸಲ ಕೆಮ್ಮು ಬರಲಿಲ್ಲ. ವಕಾಲತ್ತಿನ ಕಾಗದ ತೆಗೆದು ಅವಳ ಮುಂದೆ ಇಟ್ಟು, ಉದ್ದಣ್ಣ ಸಹಿ ಎಲ್ಲಿ ಮಾಡಬೇಕೆಂದು ತೋರಿಸಿದರು.

ಠಾಣೆಯಲ್ಲಿ ಉದ್ದಣ್ಣನ ತುಟಿ ಊದಿತ್ತು. ಬಿದ್ದ ಅಂದರು ಪೊಲೀಸರು. ಠಾಣೆಯ ನೆಲದಷ್ಟು ಜಾರುವ ನೆಲ ಲೋಕದಲ್ಲಿ ಇನ್ನೊಂದಿಲ್ಲ ಅಂತ ಗುಮಾಸ್ತರು ಗೊಣಗಿಕೊಂಡರು. ಅವನ ಮುಂದೆ ಮೊದಲೇ ಬರೆದಿಟ್ಟ ತಪ್ಪೊಪ್ಪಿಗೆ ಇತ್ತು. ಸಹಿ ಹಾಕದೆ ಕೈಕಟ್ಟಿ ಕೂತಿದ್ದ ಪುಣ್ಯಾತ್ಮ.

"ಇನ್ನು ಮೇಲೆ ನಾನಿಲ್ಲದೆ ಇವರು ಒಂದು ಮಾತೂ ಆಡಲ್ಲ," ಅಂದಳು ವಕೀಲಮ್ಮ. "ಅದು ಇವರ ಹಕ್ಕು, ನಿಮ್ಮ ಔದಾರ್ಯ ಅಲ್ಲ. ತುಟಿ ನೋಡೋಕೆ ಡಾಕ್ಟರನ್ನ ಕರೆಸಿ. ಆಮೇಲೆ ಆ ಕೋಟು ತೋರಿಸಿ."

ಇನ್ಸ್‌ಪೆಕ್ಟರ್ ಕೆಟ್ಟವನಲ್ಲ, ಸೋಮಾರಿ. ಕೈಗೆ ಸಿಕ್ಕವನನ್ನು ಬಿಟ್ಟು ಇನ್ನೊಬ್ಬನನ್ನು ಹುಡುಕುವುದು ಅವನಿಗೆ ಬೇಸರದ ಕೆಲಸ. ಅವಳ ದನಿಗೆ ತಬ್ಬಿಬ್ಬಾಗಿ ಪೊಟ್ಟಣ ಬಿಚ್ಚಿದ. ಸಿಕ್ಕಿದ್ದು ಹೇಗೋ ಹಾಗೇ ಇದೆ, ಯಾರೂ ಮುಟ್ಟಿಲ್ಲ ಅಂದ. ಕೋಟಿನ ತೋಳುಗಳು ಪೂರ್ತಿ ಕೆಳಗಿಳಿದಿದ್ದವು. ತುದಿ ಮಾತ್ರ ಒಂದು ಸುತ್ತು ಹೊರಕ್ಕೆ ಮಡಚಿತ್ತು. ಬಲತೋಳಿನ ಆ ಮಡಿಕೆಯ ಮೇಲೆ ರಕ್ತದ ಕಲೆ. ಮೊಣಕೈ ಹತ್ತಿರ ಬಿಳಿ ದಾರದ ಚೂರುಗಳು ನೇತಾಡುತ್ತಿದ್ದವು. ವಕೀಲಮ್ಮ ಬಗ್ಗಿ ನೋಡಿದಳು, ಮಾವನ ಮುಖ ನೋಡಿದಳು, ನಕ್ಕಳು. ಗುಮಾಸ್ತರಿಗೆ ಏನೂ ತಿಳಿಯಲಿಲ್ಲ.

ಸ್ಥಳ ಪರಿಶೀಲನೆಗೆ ಆರೋಪಿಯನ್ನೂ ವಕೀಲರನ್ನೂ ಕರೆದೊಯ್ಯಬೇಕೆಂದು ಅವಳು ನ್ಯಾಯಾಧೀಶರಿಂದ ಅಪ್ಪಣೆ ತಂದಳು. ಆ ದಿನ ಗೇಟಿನಲ್ಲಿ ಪೊಲೀಸರು ಗುಮಾಸ್ತರ ಊಟದ ಡಬ್ಬಿಯನ್ನೂ ತೆರೆಸಿ ನೋಡಿದರು. ಗಲಾಟೆಯ ದಿನದಿಂದ ಮ್ಯಾನೇಜರ ಕೋರಿಕೆಯಂತೆ ಒಳಹೊರಗೆ ಹೋಗುವ ಪ್ರತಿ ಚೀಲ, ಪ್ರತಿ ಗಾಡಿಯ ತಪಾಸಣೆ ನಡೆದಿತ್ತು. ಸಭೆಗೆ ಬಂದವರನ್ನು ಅವಮಾನಿಸುವುದಕ್ಕೆ ಅದೊಂದು ದಾರಿ ಅಂತ ಗುಮಾಸ್ತರು ಕುದ್ದರು. ಅಂಗಳದ ಮರದಡಿ ಮ್ಯಾನೇಜರ ಕಾರು ಎಲೆ ಮುಚ್ಚಿಕೊಂಡು ನಿಂತಿತ್ತು. ಬ್ಯಾಟರಿ ಕೆಟ್ಟಿದೆ ಅಂತ ಅವರು ದಿನಾ ಬಾಡಿಗೆ ಆಟೋದಲ್ಲಿ ಓಡಾಡುತ್ತಿದ್ದರಂತೆ.

ಏಟು ಬಿದ್ದ ದಿನ ಊಟದ ಬಿಡುವಿನಲ್ಲಿ ಕಾವಲುಗಾರನನ್ನು ಬಿಟ್ಟರೆ ಕಾರ್ಖಾನೆಯೊಳಗೆ ಉಳಿದಿದ್ದವರು ಮೂವರೇ. ಮೂವರನ್ನೂ ವಕೀಲಮ್ಮ ಸ್ಟೋರಿನ ಮುಂದೆ ಕರೆಸಿದಳು. ಸ್ಟೋರ್‌ಕೀಪರ್ ಕುಳ್ಳ, ಬೂದು ಕೋಟು, ಎಡಗೈ ಮುರಿದು, ಬೆರಳು ಹೋದ ಆ ಅಪಘಾತಕ್ಕೂ ಮುಂಚಿನಿಂದಲೇ ಪಟ್ಟಿಯಲ್ಲಿ ನೇತಾಡುತ್ತಿತ್ತು. ಫೋರ್‌ಮನ್ ಲೇತಿನಲ್ಲೇ ಕೂದಲು ಹಣ್ಣಾದವನು, ಕಾವಲುಗಾರನ ಜೊತೆ ಅವನಿಗೆ ಹಳೇ ಜಗಳ. ಮೂರನೆಯವರು ಮ್ಯಾನೇಜರು. ಮಟ್ಟಸವಾದ ಮನುಷ್ಯ, ಹಾಲಿನಂಥ ಬಿಳಿ ಅಂಗಿ. ಸ್ಟೋರಿನ ಕಡೆ ಅವತ್ತು ತಲೆಯೂ ಹಾಕಿರಲಿಲ್ಲ ಅಂದರು.

ಉದ್ದಣ್ಣನ ಹೆಂಡತಿ ಗಂಡನ ಪಕ್ಕ ಬಂದು ನಿಂತಳು. ದೂರ ನಿಲ್ಲು ಅಂದ ಪೇದೆಯ ಮಾತು ಅವಳ ಕಿವಿಗೇ ಬೀಳಲಿಲ್ಲ.

ವಕೀಲಮ್ಮ ಆ ಲೇತುಗಳ ಸಾಲಿಗೆ ಕೈ ತೋರಿಸಿದಳು. "ಇನ್ಸ್‌ಪೆಕ್ಟರೇ, ಆ ಮೊಳೆಗಳಲ್ಲಿರೋ ಕೋಟುಗಳನ್ನ ನೋಡಿ. ಎಲ್ಲದರ ತೋಳೂ ಮೊಣಕೈ ಮೇಲಕ್ಕೆ, ಒಳಮಡಿಕೆ. ಮೇಲೆ ನಾಲ್ಕು ಹೊಲಿಗೆ. ಯಾಕೆ ಗೊತ್ತಾ? ಹೊರಕ್ಕೆ ಮಡಚಿದ್ರೆ ಆ ಮಡಿಕೆಯನ್ನ ತಿರುಗೋ ಯಂತ್ರ ಹಿಡಿಯುತ್ತೆ. ತೋಳು ಹಿಡಿದ್ರೆ ಕೈಯನ್ನೂ ಎಳ್ಕೊಳ್ಳುತ್ತೆ. ನಮ್ಮಪ್ಪ ಇಂಥದೇ ಯಂತ್ರದ ಮುಂದೆ ನಿಂತೋರು. ನಮ್ಮಮ್ಮ ಬಾಗಿಲಲ್ಲಿ ಕೂತು ತೋಳು ಹೊಲೀತಿದ್ದದ್ದು ನಮ್ಮ ಮಾವನಿಗೂ ನೆನಪಿದೆ."

ಗುಮಾಸ್ತರು ಬೆಪ್ಪಾದರು. ಅಕ್ಕನ ಬಾಯಲ್ಲಿದ್ದ ದಾರ, ಮಡಿಲಲ್ಲಿದ್ದ ನೀಲಿ ಬಟ್ಟೆ, ಎಲ್ಲ ಕಣ್ಣ ಮುಂದೆ ಬಂತು. ಕಂಡೂ ಕಾಣದ ತಮ್ಮ ಕಣ್ಣಿಗೆ ಅವರೇ ಶಾಪ ಹಾಕಿಕೊಂಡರು.

ಮುಂದಿನದನ್ನು ಅವಳು ಬಿಡಿಸಿ ಬಿಡಿಸಿ ಹೇಳಿದಳು. ಉದ್ದಣ್ಣನ ಕೋಟಿನ ಹೊಲಿಗೆಯನ್ನು ಯಾರೋ ಕಿತ್ತು ತೋಳನ್ನು ಕೆಳಗಿಳಿಸಿದ್ದರು. ಹೊಡೆದಾಡಲು ಹೊರಟವನಿಗೆ ಆ ಕೆಲಸ ಯಾಕೆ ಬೇಕು? ಬೇಕಾದ್ದು, ಒಳಗಿನ ಅಂಗಿಯ ತೋಳಿಗೆ ಎಣ್ಣೆ ಮೆತ್ತಬಾರದು ಅನ್ನುವವನಿಗೆ. ಇಳಿಸಿದ ಮೇಲೆ ತೋಳು ಉದ್ದವಾಯಿತು, ಅದಕ್ಕೇ ತುದಿಯನ್ನು ಹೊರಕ್ಕೆ ಮಡಚಿದ. ರಕ್ತ ಆ ಮಡಿಕೆಯ ಮೇಲಿದೆ, ಬಿಡಿಸಿ ನೋಡಿದರೆ ಅಡಿಯ ಬಟ್ಟೆ ಸ್ವಚ್ಛ. ಅಂದರೆ ಏಟು ಬೀಳುವಾಗಲೇ ಮಡಿಕೆ ಇತ್ತು.

ಇನ್ಸ್‌ಪೆಕ್ಟರ್ ಮಡಿಕೆ ಬಿಡಿಸಿ ನೋಡಿದ. ಬಟ್ಟೆ ಸ್ವಚ್ಛವಾಗಿತ್ತು. ಅವಳ ಮಾತಿನಂತೆ ಕೋಟನ್ನು ಉದ್ದಣ್ಣನಿಗೆ ಹಾಕಿಸಿದರು. ಪೂರ್ತಿ ಇಳಿಸಿದ ತೋಳೂ ಅವನ ಮಣಿಕಟ್ಟಿಗೆ ಮುಟ್ಟಲಿಲ್ಲ. ಮಡಚುವ ಮಾತೆಲ್ಲಿ ಬಂತು?

"ಫೋರ್‌ಮನ್ ಹಾಕಿಕೊಂಡಿದ್ರೆ?" ಇನ್ಸ್‌ಪೆಕ್ಟರ್ ಕೇಳಿದ. ಅವನಿಗೂ ಈಗ ರುಚಿ ಹತ್ತಿತ್ತು.

ವಕೀಲಮ್ಮ ಒಂದು ಕೋಟು ಕೊಟ್ಟು ತೋಳು ಮಡಚಲು ಹೇಳಿದಳು. ಫೋರ್‌ಮನ್ ಯೋಚಿಸಲೇ ಇಲ್ಲ, ಕೈ ತಾನಾಗಿ ಒಳಕ್ಕೆ ಮಡಚಿತು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನುವ ಹಾಗೆ ಅದು. ಸ್ಟೋರ್‌ಕೀಪರನಿಗೆ ಮೈಮೇಲೆ ತನ್ನದೇ ಕೋಟಿತ್ತು, ಒಂದೇ ಕೈಯಲ್ಲಿ ಎರಡು ತೋಳಿನ ಹೊಲಿಗೆ ಕೀಳುವುದೂ ಆಗದ ಮಾತು.

"ಉಳಿದಿದ್ದು ಬಿಳಿ ಅಂಗಿ," ಅಂದಳು. "ಲೇತಿನ ಮುಂದೆ ಒಂದು ದಿನವೂ ನಿಲ್ಲದ ಕೈ. ಕೋಟಿನ ತೋಳನ್ನೂ ಅಂಗಿಯ ತೋಳಿನ ಹಾಗೆ ಮಡಚಿಬಿಡ್ತು."

ಎಲ್ಲರ ಕಣ್ಣೂ ಮ್ಯಾನೇಜರ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಆ ಮನುಷ್ಯರ ಎಡಗೈ ಬಲತೋಳಿನ ತುದಿಯನ್ನು ಸವರುತ್ತಿತ್ತು. ಒಂದು ಮಡಿಕೆಯಿಂದ ನನ್ನನ್ನ ಅಪರಾಧಿ ಮಾಡ್ತೀರಾ, ನನ್ನ ಕಡೆಯ ದೊಡ್ಡ ವಕೀಲರಿಗೆ ಫೋನ್ ಮಾಡ್ತೀನಿ ಅಂತ ಅವರು ದನಿ ಏರಿಸಿದರು.

"ಮಾಡಿ. ವಕೀಲರನ್ನ ಕೇಳೋದು ನಿಮ್ಮ ಹಕ್ಕೂ ಹೌದು," ಅಂದಳು ವಕೀಲಮ್ಮ. "ಅಷ್ಟರಲ್ಲಿ ಇನ್ಸ್‌ಪೆಕ್ಟರು ನಿಮ್ಮ ಕಾರಿನ ಡಿಕ್ಕಿ ತೆಗೆಸಲಿ."

ಅವಳ ಲೆಕ್ಕ ಸರಳವಾಗಿತ್ತು. ತನಿಖೆಯವರು ಬರುವ ಮೊದಲು ಗಾರ್ಡುಗಳು ಮಾಯವಾಗಬೇಕಿತ್ತು. ಎಣ್ಣೆ ಮೆತ್ತಿದ ಅವನ್ನು ಎತ್ತಲು ಮ್ಯಾನೇಜರು ಕೈಗೆ ಸಿಕ್ಕ ಕೋಟು ಹಾಕಿಕೊಂಡರು, ಕಾರಿಗೆ ತುಂಬಿದರು. ಕೊನೆಯ ಸಲ ಬಂದಾಗ ಕಾವಲುಗಾರ ನೋಡಿಬಿಟ್ಟ. ಹೊಡೆದ ಮೇಲೆ ಕೋಟು ಯಾರದು ಅಂತ ನೆನಪಾಗಿ ಅಲ್ಲೇ ಬಿಸಾಡಿದರು. ಆದರೆ ಗೇಟಿನ ತುಂಬ ಸಭೆಯ ಜನ, ಆಮೇಲೆ ತಾವೇ ಕರೆಸಿದ ಪೊಲೀಸರು. ಊಟದ ಡಬ್ಬಿಯನ್ನೂ ಬಿಡದ ತಪಾಸಣೆ ದಾಟಿ ಕಾರು ಹೊರಗೆ ಹೋಗುವ ಹಾಗಿರಲಿಲ್ಲ. ಅದಕ್ಕೇ ಬ್ಯಾಟರಿ ಕೆಟ್ಟಿತು. ಅವರು ತೋಡಿದ ಗುಂಡಿಗೆ ಅವರೇ ಬಿದ್ದರು.

ಡಿಕ್ಕಿಯಲ್ಲಿ, ಹಳೇ ಚಾಪೆಯ ಕೆಳಗೆ, ಗಾರ್ಡುಗಳು ಸಾಲಾಗಿ ಮಲಗಿದ್ದವು. ಫೋರ್‌ಮನ್ ಒಂದನ್ನು ಒಳಗೆ ಒಯ್ದು ಬೆರಳು ತಿಂದ ಆ ಲೇತಿಗೆ ಹಿಡಿದ. ತೂತಿಗೆ ತೂತು ಸರಿಯಾಗಿ ಕೂತಿತು. ಮ್ಯಾನೇಜರು ಅಂಗಳದ ಧೂಳಿನಲ್ಲೇ ಕುಸಿದು ಕೂತರು. ಬಿಳಿ ಅಂಗಿಯ ಚಿಂತೆ ಆಗ ಇರಲಿಲ್ಲ.

ಕಾವಲುಗಾರನಿಗೆ ಸಂಜೆಯ ಹೊತ್ತಿಗೆ ಪ್ರಜ್ಞೆ ಬಂತು, ಅವನೂ ಅದೇ ಹೆಸರು ಹೇಳಿದ. ಮಾರನೇ ದಿನ ಉದ್ದಣ್ಣನನ್ನು ಬಿಡುವ ಅಪ್ಪಣೆ ಬಂತು. ಆದರೆ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಇನ್ನೊಂದು ಕಾಗದ ಮುಂದಿಟ್ಟ. ಇನ್ನು ಮುಂದೆ ಗೇಟಿನ ಬಳಿ ಸಭೆ ಮಾಡಲ್ಲ ಅಂತ ಬರೆದುಕೊಟ್ಟರೆ ಈಗಲೇ ಹೋಗಬಹುದು, ಇಲ್ಲವಾದರೆ ಸ್ವಲ್ಪ ಹೊತ್ತಾಗುತ್ತೆ, ನಿಮ್ಮಿಷ್ಟ.

ವಕೀಲಮ್ಮ ಬಾಯಿ ತೆರೆಯುವಷ್ಟರಲ್ಲಿ ಗುಮಾಸ್ತರು ಗೋಡೆಯ ಪಕ್ಕದ ಬೆಂಚನ್ನು ಕಿರ್ರನೆ ಎಳೆದು ಇನ್ಸ್‌ಪೆಕ್ಟರನ ಮೇಜಿನ ಎದುರಿಗೇ ಹಾಕಿದರು. ಪೊಲೀಸರ ಹಗೆ ಬೇಡ ಅನ್ನುವ ತತ್ವ ಎಲ್ಲಿ ಹೋಯಿತೋ ಅವರಿಗೇ ಗೊತ್ತಾಗಲಿಲ್ಲ.

"ನಮ್ಮ ಕಕ್ಷಿಗಾರರು ಸಹಿ ಹಾಕಲ್ಲ," ಅಂದರು. "ಹಾಕಬೇಕು ಅಂತ ಯಾವ ಕಾನೂನಿದೆ ಹುಡುಕಿ. ನಾವು ಕೂತಿರ್ತೀವಿ."

ಕೂತರು. ಉದ್ದಣ್ಣನ ಹೆಂಡತಿ ಚೀಲದಿಂದ ಇನ್ನೊಂದು ನೀಲಿ ಕೋಟು ತೆಗೆದು, ತೋಳನ್ನು ಒಳಕ್ಕೆ ಮಡಚಿ, ಸೂಜಿಗೆ ದಾರ ಪೋಣಿಸಿದಳು. ಇನ್ಸ್‌ಪೆಕ್ಟರ್ ಅವಳ ಕೈಯನ್ನೂ ವಕೀಲಮ್ಮನ ಮುಖವನ್ನೂ ನೋಡುತ್ತ ಕೂತ. ಎರಡನೇ ತೋಳಿನ ಕೊನೇ ಹೊಲಿಗೆ ಬೀಳುವಾಗ ಕಾಗದವನ್ನು ಡ್ರಾಯರಿಗೆ ತುರುಕಿ, ಹೋಗಿ ಅಂದ.

ಉದ್ದಣ್ಣ ಕೋಟು ತೊಟ್ಟು ನೇರ ಕಾರ್ಖಾನೆಯ ಗೇಟಿಗೆ ನಡೆದ. ಊಟದ ಬಿಡುವು, ಜನ ಆಗಲೇ ಸೇರಿದ್ದರು. ಮಾತಾಡಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ಗಂಟಲು ಒಣಗಿದೆ, ಒಳಗಿನ ನಲ್ಲಿಗೆ ಹೋಗಿ ಬರ್ತೀನಿ ಅಂತ ಸನ್ನೆ ಮಾಡಿದ.

"ತಾಳಪ್ಪ," ಅಂದರು ಗುಮಾಸ್ತರು, ಅವನ ಉದ್ದ ತೋಳು ಹಿಡಿದುಕೊಂಡು. "ಈ ಸಲ ನೀರಿಗೆ ಒಬ್ಬನೇ ಹೋಗಬೇಡ. ಸಾಕ್ಷಿಗೆ ನಾನೂ ಬರ್ತೀನಿ."