ಅನಸೂಯಾಳ ಕೈಗುಣ

ತೊಂಬತ್ತಮೂರರ ಆ ಸಂಜೆ ಬಂಗಾರಪೇಟೆ ರೈಲಿನಲ್ಲಿ ಅನಸೂಯಾ ಎಂದಿನಂತೆ ಎದುರು ಸೀಟಿನ ಮೇಲೆ ಊಟದ ಚೀಲ ಇಟ್ಟು ಜಾಗ ಹಿಡಿದಿದ್ದಳು. ಕೋದಂಡಪ್ಪ ಏದುಸಿರು ಬಿಡುತ್ತಾ ಬೆಂಗಳೂರು ಸ್ಟೇಷನ್ನಿನಲ್ಲಿ ಓಡಿ ಬಂದು ಹತ್ತಿದ. ಚೀಲ ಎತ್ತಿಕೊಳ್ಳುವಾಗ ದಿನಾ ಅವಳ ಮುಖದಲ್ಲಿ ಒಂದು ತುಂಟ ನಗೆ ಇರುತ್ತಿತ್ತು. ಇವತ್ತು ಅವಳ ಕಣ್ಣು ಊದಿತ್ತು.

“ಈ ಸಲಾನೂ ಸೆಲ್ಸ್ ಎಲ್ಲಾ ಸತ್ತೋದ್ವು ಕಣ್ರೀ. ಸೋಮವಾರದಿಂದ ನಮ್ಮ ಲ್ಯಾಬ್ ಸರ್ ಈ ಕೆಲಸ ಬೇರೆಯವರಿಗೆ ಕೊಡ್ತಾರಂತೆ. ನಾನು ನೆಟ್ಟ ಕನಕಾಂಬರ ಒಂದಿನಾನೂ ಒಣಗಿದ್ದಿಲ್ಲ. ಈಗ ನನ್ನ ಕೈಗುಣಾನೇ ಕೆಟ್ಟೋಯ್ತು.”

ಇಬ್ಬರದೂ ಒಂದೇ ಲ್ಯಾಬು. ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಡಿಎನ್‌ಎ ತೆಗೆದುಕೊಡುವುದು ಅವನ ಕೆಲಸ. ಅದನ್ನು ಸೆಲ್ಸ್, ಅಂದರೆ ಜೀವಕೋಶಗಳೊಳಗೆ ಸೇರಿಸುವುದು ಅವಳದು. ಒಡೆದ ಬ್ಯಾಕ್ಟೀರಿಯಾದ ವಿಷವೂ ಡಿಎನ್‌ಎ ಜೊತೆಗೇ ಬಂದುಬಿಡುತ್ತದೆ. ಅದನ್ನು ಕಳೆಯಲು ಕೊನೆಯಲ್ಲಿ ಇನ್ನೊಮ್ಮೆ ಶುದ್ಧ ಮಾಡಬೇಕು. ಅಷ್ಟು ಮಾಡಿ ಹೊರಟರೆ ಈ ರೈಲು ಸಿಗುವುದಿಲ್ಲ. ಕೋದಂಡಪ್ಪ ಅದೊಂದನ್ನು ಬಿಟ್ಟು ಓಡಿ ಬರುತ್ತಿದ್ದ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಇವನು, ಉಣ್ಣುತ್ತಿದ್ದವಳು ಅವಳು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

“ನಿಮ್ಮ ಕೈ ಅಲ್ಲ ಅನಸೂಯಾ,” ಎಂದ. “ನಾನು ವಿಷ ತೆಗೀದೇನೇ ಡಿಎನ್‌ಎ ಕೊಟ್ಟೆ.”

“ಅಷ್ಟೂ ಸಲ?”

“ಊಂ.”

“ಯಾಕ್ರೀ?”

“ತಡ ಆದ್ರೆ ರೈಲು ಓಗ್ಬಿಡ್ತದೆ. ನೀವು ಸೀಟು ಇಡ್ಕೊಂಡು ಕಾಯ್ತಿರ್ತೀರಲ್ಲ.”

ಅವಳ ಕೆನ್ನೆ ಕೆಂಪಾಯಿತು. ನಾಚಿಕೆಯೋ ಸಿಟ್ಟೋ ಅವನಿಗೆ ತಿಳಿಯಲಿಲ್ಲ.

“ಏಳ್ರೀ,” ಎಂದಳು.

ಅವನು ಎದ್ದ. ಖಾಲಿಯಾದ ಸೀಟಿನ ಮೇಲೆ ಮತ್ತೆ ಚೀಲ ಇಟ್ಟಳು. ಬಂಗಾರಪೇಟೆ ಬರುವವರೆಗೂ ಅವನು ನಿಂತೇ ಇದ್ದ.

ಮರುದಿನ ಸರ್ ಮುಂದೆ ಎಲ್ಲ ಒಪ್ಪಿಕೊಂಡು ಚೆನ್ನಾಗಿ ಉಗಿಸಿಕೊಂಡ. ಅವಳ ಕೆಲಸ ಉಳಿಯಿತು. ವಿಷ ಕಳೆದ ಡಿಎನ್‌ಎ ಸೇರಿಸಿದ ಸೆಲ್ಸ್ ಬದುಕಿದವು. ಆದರೂ ಅವಳು ಮಾತಾಡಲಿಲ್ಲ. ಅವನು ಕೆಲಸ ಪೂರ್ತಿ ಮುಗಿಸಿ ಮುಂದಿನ ರೈಲು ಹಿಡಿಯುತ್ತಿದ್ದ. ಇಳಿಯುವಷ್ಟರಲ್ಲಿ ಅವನ ಊರು ಕ್ಯಾಸಂಬಳ್ಳಿಯ ಕೊನೇ ಬಸ್ಸು ಹೋಗಿರುತ್ತಿತ್ತು. ಸಿಕ್ಕ ಲಾರಿ ಹತ್ತಿ, ಉಳಿದ ದಾರಿ ನಡೆಯುವಾಗ ಇದು ತನಗೆ ತಕ್ಕದ್ದೇ ಅನ್ನಿಸುತ್ತಿತ್ತು.

ಒಂದು ಸಂಜೆ ಸ್ಟೇಷನ್ನಿಗೆ ಬಂದರೆ, ಬೆಂಚಿನ ಮೇಲೆ ಅನಸೂಯಾ. ಪಕ್ಕದಲ್ಲಿ ಊಟದ ಚೀಲ.

“ರೈಲು ತಪ್ಪೋಯ್ತಾ?” ಎಂದ, ಗಾಬರಿಯಲ್ಲಿ. “ನಿಮ್ಮೂರಿಗೆ, ಬೂದಿಕೋಟೆಗೆ, ಬಸ್ಸು ಸಿಗಲ್ವಲ್ರೀ!”

“ಬಂಗಾರಪೇಟೇಲಿ ನಮ್ಮಕ್ಕನ ಮನೆ ಇಲ್ವಾ?” ಅವಳು ಹಳಿಗಳ ಕಡೆ ನೋಡುತ್ತಾ ಹೇಳಿದಳು. “ಇನ್ಮೇಲೆ ನೀವು ಓಡಿ ಬರಬೇಡಿ. ಕೆಲಸ ಮುಗಿಸ್ಕೊಂಡೇ ಬನ್ನಿ. ಮೊದಲ್ನೇ ರೈಲು ನಾನೇ ಬಿಟ್ಬಿಡ್ತೀನಿ.”

ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು.