ಅಪ್ಪ ಮುಗಿಸದ ಕೋಟು

"ಆ ಕೋಟು ಮುಗಿಸ್ಬೇಡ ಕಣೋ. ಕಚ್ಚಾ ಹೊಲಿಗೆ ಬಿಚ್ಚಿ, ಬಟ್ಟೆ ಬಿಡಿಬಿಡಿ ಮಾಡ್ಬಿಡು. ಸತ್ತ ಟೈಲರ್ ಅರ್ಧಕ್ಕೆ ಬಿಟ್ಟಿದ್ದನ್ನ ಇನ್ನೊಬ್ಬ ಹೊಲೀಬಾರ್ದು," ಅಂದ್ಲು ಕಾಜಾ ಅತ್ತೆ.

ಅಪ್ಪನ ಅಂಗಡೀಲಿ ಗುಂಡಿ, ಕಾಜಾ ಹೊಲೀತಾನೇ ಮುದುಕಿ ಆದೋಳು ಅವಳು. ಮಗನೋ, ಅಪ್ಪನ ಜೊತೆ ಜಗಳ ಆಡಿ ಹೋದೋನು, ದೊಡ್ಡ ಟೈಲರ್ ಆಗಿ, ಅಪ್ಪ ಸತ್ತ ಮೇಲೆ ಈಗ ಎಂಟ್ರಿ ಕೊಟ್ಟಿದ್ದ.

"ಅತ್ತೇ, ದೆವ್ವ ಬಂದ್ರೆ ಅದಕ್ಕೂ ಅಳತೆ ತಗೋತೀನಿ. ಸೊಂಟ ಇರುತ್ತಾ ಅದಕ್ಕೆ?"

"ಹಲ್ಲು ಕಿರೀಬೇಡ. ಕೊನೇಲಿ ನಿಮ್ಮಪ್ಪ ಮಾಟ ಮಾಡಿಸ್ದ. ತನ್ನ ಕೂದ್ಲು ಕಿತ್ತು ಆ ಲೈನಿಂಗ್ ಒಳಗೆ ಹೊಲ್ದ. ನೀನಂದ ಮಾತು ಅವನಿಗೆ ಅರಗಲೇ ಇಲ್ಲ. ನಿಂಗೂ ಒಬ್ಬ ಮಗ ಇದಾನೆ, ಬೇಡಪ್ಪ."

ಆ ಮಾತು ಇಷ್ಟೇ. ಅಪ್ಪನ ಕೈ ನಡುಗ್ತಿತ್ತು. ಹೊಲಿದಿದ್ದೆಲ್ಲ ಸೊಟ್ಟ. ಗಿರಾಕಿಗಳು ಕೋಟು ಮುಖಕ್ಕೆ ಎಸೆದು ಎದುರಂಗಡಿಗೆ ಹೋಗೋರು. ಅಪ್ಪ ಕೈ ಹೊಸಕ್ತಾ, "ಸರಿ ಮಾಡ್ಕೊಡ್ತೀನಿ ಸಾರ್" ಅನ್ನೋನು. ಒಂದಿನ ಎಲ್ಲರ ಎದುರಿಗೇ ಮಗ ಸಿಡಿದಿದ್ದ: "ನಿನ್ನ ಥರ ಆಗೋ ಬದ್ಲು ಸಾಯ್ತೀನಿ!"

ಅವತ್ತಿಂದ ಅವನು ಹೊಲಿದಿದ್ದು ದಾರದಲ್ಲಲ್ಲ, ಸಿಟ್ಟಲ್ಲಿ. ಈಗ ಅಪ್ಪನ ಕೋಟನ್ನೇ ಮುಗಿಸಿ ಶೋಕೇಸಲ್ಲಿ ನೇತುಹಾಕ್ಬೇಕು. ಎದುರಂಗಡಿಯೋನು ನೋಡಿ ಉರ್ಕೋಬೇಕು.

ಅತ್ತೆ ಗೊಣಗ್ತಾ ಎದ್ದು ಹೋದ್ಲು. ಅವನು ಶಟರ್ ಅರ್ಧ ಎಳ್ದ. ಹೊರಗೆ ಸುಡೋ ಮಧ್ಯಾಹ್ನ, ಒಳಗೆ ಬಾವಿಯಂಥ ಕತ್ತಲು. ಹಳೇ ಉಣ್ಣೆ ವಾಸನೆ. ಮೆಷಿನ್ ಎಣ್ಣೆ ಕಮಟು. ಬಲತೋಳು ಒಂದೇ ಬಾಕಿ. ಕಚ್ಚಾ ದಾರ ಬಿಚ್ಚೋ ಗೋಜಿಗೂ ಹೋಗ್ಲಿಲ್ಲ, ಅದರ ಮೇಲೇ ಮೆಷಿನ್ ಓಡಿಸ್ದ.

ಹಾಕ್ಕೊಂಡು ಕನ್ನಡಿ ಮುಂದೆ ನಿಂತ. ಭುಜ ಪಕ್ಕಾ. ಹೊಟ್ಟೆ ಪಕ್ಕಾ. ಗುಂಡಿ ಹಾಕಿ ಹೊಟ್ಟೆ ಸವರಿ ನೋಡ್ಕೊಂಡ. ಅಪ್ಪ ಅವನನ್ನ ಕೊನೇ ಸಲ ನೋಡಿದ್ದು ಮೀಸೆ ಚಿಗುರೋ ವಯಸ್ಸಲ್ಲಿ. ಇವತ್ತಿನ ಹೊಟ್ಟೆ ಅಳತೆ ಯಾರು ತಗೊಂಡ್ರು?

ಟಕ್.

ಹಿಂದೆ ಮೆಷಿನ್ ತಾನೇ ಒಂದು ಹೊಲಿಗೆ ಹಾಕ್ತು. ಕೋಟು ಬಿಗೀತು.

"ಯಾರೋ ಅದು? ಡೌ ಮಾಡ್ಬೇಡ!"

ಕತ್ತಿನ ಹಿಂದೆ ಬಿಸಿ ಉಸಿರು. "ಸರಿ ಮಾಡ್ಕೊಡ್ತೀನಿ ಸಾರ್..."

"ನಾನು ನಿನ್ನ ಥರ ಅಲ್ಲ!"

ಟಕ್. ಪಕ್ಕೆಲುಬು ಲಟಕ್ಕಂತು.

"ಅಲ್ಲ! ಅಲ್ಲ!"

ಟಕ್. ಟಕ್. ಗುಂಡಿ ಬಿಚ್ಚಲ್ಲ. ಉಸಿರಿಲ್ಲ. ಕಣ್ಣು ಮಂಜು. ಲೈನಿಂಗ್ ಒಳಗೆ ಕೂದ್ಲು ಹರಿದಾಡ್ತಿದೆ. ಚರ್ಮ ಚುಚ್ತಿದೆ. ಮನೇಲಿ ಮಗ ಕಾಯ್ತಿದಾನೆ. ಸಾಯಬಾರ್ದು. ಈಗ ಸಾಯಬಾರ್ದು.

"ಸೋತೆ ಅಪ್ಪಾ..." ಗಂಟಲು ಹರಿದು ಬಂತು ಮಾತು. "ನಾನೂ ನಿನ್ನ ಥರಾನೇ."

ಕೋಟು ಸಡಿಲ ಆಯ್ತು. ಕಿತ್ತೆಸೆದ. ನೆಲದ ಮೇಲೆ ಬಿದ್ದು, ಬದುಕಿದೆ ಅಂತ ನಕ್ಕ, ಅತ್ತ.

ಆಮೇಲೆ ಬಲಗೈ ನಡುಗೋಕೆ ಶುರುವಾಯ್ತು.

ಎಡಗೈಲಿ ಅದುಮಿ ಹಿಡ್ದ. ಕೊಸರಿಕೊಳ್ತು. ಅವನ ಮಾತೇ ಕೇಳ್ತಿಲ್ಲ. ಅವನನ್ನ ಮೇಜಿನ ತನಕ ಎಳ್ಕೊಂಡು ಹೋಯ್ತು, ಸೀಮೆಸುಣ್ಣ ಎತ್ಕೊಳ್ತು. ಬಟ್ಟೆ ಮೇಲೆ ಗೆರೆ ಎಳೀತು. ಸೊಟ್ಟ ಗೆರೆ. ಭುಜ. ಎದೆ. ತೋಳು.

ಚಿಕ್ಕ ಕೋಟು. ತೀರಾ ಚಿಕ್ಕದು.

"ಬೇಡಪ್ಪಾ! ಅವನಿನ್ನೂ ಮಗು! ಅವನು ನಂಗೇನೂ ಅಂದಿಲ್ಲ!"

ಬಲಗೈ ಕತ್ತರಿ ತಗೊಳ್ತು.